ಅಕ್ಕ ಅವ್ವನಾದ ಚಿತ್ರ

ನೂಲಿಗೆ ಹಚ್ಚುವ ಗಂಜಿಗೆ ಒಂದು ಹುಳಿವಾಸನೆ ಇರುತ್ತದೆ. ಹೋದ ತಿಂಗಳು ಗಜೇಂದ್ರಗಡದ ನಮ್ಮ ಹಳೆಯ ಓಣಿಯಲ್ಲಿ ಅದು ಮೂಗಿಗೆ ಬಡಿದು ನಿಂತುಬಿಟ್ಟೆ. ನಮ್ಮ ಮನೆ ಇದ್ದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಪಕ್ಕದ ಖಾನಾವಳಿಯವರು ಅನ್ನ ಬಸಿದಿರಬಹುದು. ಆದರೂ ಓಣಿಯುದ್ದಕ್ಕೂ ಎಳೆದು ಕಟ್ಟಿದ ನೂಲು, ಅದರ ಮೇಲೆ ಆಡುವ ಗಂಜಿಯ ಕುಂಚ, ಒಳಗೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವ ಅವ್ವ, ಮಗ್ಗದ ಸಪ್ಪಳವನ್ನೇ ತಾಳ ಮಾಡಿಕೊಂಡು ಹಾಡುವ ನನ್ನಕ್ಕ ಶಾರದಾ, ಎಲ್ಲ ಒಟ್ಟಿಗೆ ಕಣ್ಮುಂದೆ ಬಂತು. ಇಷ್ಟು ಅಚ್ಚುಕಟ್ಟಾಗಿ ಬಂದದ್ದಕ್ಕೇ ನನಗೆ ಅನುಮಾನ. ಗಂಜಿ ಹಚ್ಚುವ ಹೊತ್ತಿಗೆ ಅವ್ವನೂ ಓಣಿಯಲ್ಲೇ ಇರುತ್ತಿದ್ದಳು, ಮಗ್ಗದ ಮೇಲಲ್ಲ. ನಿಮಗೂ ಹೀಗಾಗಿರಬಹುದು: ಕಳೆದುಹೋದ ಮನೆಯನ್ನು ನಾವು ನೆನಪಿನಲ್ಲಿ ಕಟ್ಟುವಾಗ ಗೋಡೆಗಳು ತಮ್ಮ ಇಷ್ಟದಂತೆ ನಿಲ್ಲುತ್ತವೆ.

ನರೇಗಲ್ಲಿನ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಅಕ್ಕ ಹಾಡಿದ್ದನ್ನು ಕೇಳಿದ ಕ್ಯಾಸೆಟ್ ಕಂಪನಿಯವರೊಬ್ಬರು ಹದಿನಾರಕ್ಕೇ ಅವಳನ್ನು ಬೆಂಗಳೂರಿಗೆ ಕರೆದೊಯ್ದರು. ಪಾಪ್ ಹಾಡಂತೆ. ರೋಣದ ಬಸ್‌ಸ್ಟ್ಯಾಂಡಿನಿಂದ ನರಗುಂದದ ಚಹಾದಂಗಡಿಗಳ ತನಕ ಎಲ್ಲೆಲ್ಲೂ ಅವಳದೇ ದನಿ. ಕ್ಯಾಸೆಟ್ಟಿನ ಚಿತ್ರದಲ್ಲಿ ಜೀನ್ಸು, ಕಪ್ಪು ಕನ್ನಡಕ. ಎದುರುಮನೆಯ ಗಂಗವ್ವ ಅದನ್ನು ಹಿಡಿದುಕೊಂಡೇ ಬಂದಳು. "ಕರೇ ಚಸ್ಮಾ ಹಾಕ್ಯಾಳಲ್ಲ, ಕಣ್ಣಬ್ಯಾನಿ ಬಂದೈತೇನಬೇ ನಿನ್ನ ಮಗಳಿಗೆ?" ಅವ್ವ ಲಾಳಿ ನಿಲ್ಲಿಸದೆ ಹೇಳಿದಳು: "ಇಲ್ಲವಾ, ನಿನ್ನ ದೃಷ್ಟಿ ತಾಗಬಾರದಂತ ಹಾಕ್ಕೊಂಡಾಳ." ಮೂರನೆಯ ಕ್ಯಾಸೆಟ್ಟಿನ ಹೊತ್ತಿಗೆ ಕೇಳುವವರ ರುಚಿ ಬದಲಾಯಿತು. ಅಕ್ಕ ಊರಿಗೆ ಬರಲಿಲ್ಲ. ನಾಟಕದ ತಂಡ ಸೇರಿ, ಮಾತಿಲ್ಲದ ಪಾತ್ರಗಳಿಂದ ಮೊದಲು ಮಾಡಿ, ನಿಧಾನವಾಗಿ ಸಿನಿಮಾದವರು ಗೌರವದಿಂದ ಕರೆಯುವ ನಟಿಯಾದಳು. ಅವ್ವ ಸತ್ತಾಗ ದೂರದ ಶೂಟಿಂಗಿನಲ್ಲಿದ್ದಳು. ಮಣ್ಣಿಗೆ ಬಂದು ಮುಟ್ಟಲಿಲ್ಲ.

ಅದಾದ ಮೇಲೆ ಬಂದದ್ದು ಅಕ್ಕ ನೇಕಾರ ಹೆಂಗಸಾಗಿ ನಟಿಸಿದ ಆ ಚಿತ್ರ. ಪ್ರಶಸ್ತಿ ಕೊಟ್ಟವರೂ ಪತ್ರಿಕೆಯವರೂ ಒಂದೇ ದೃಶ್ಯವನ್ನು ಹೊಗಳಿದರು: ಕಡಿದ ಎಳೆಯನ್ನು ಬೆರಳಲ್ಲಿ ಹೊಸೆದು ಗಂಟು ಹಾಕಿ, ಆ ಗಂಟಿಗೆ ಬಾಗಿ ಕಣ್ಣು ಒತ್ತಿಕೊಳ್ಳುವುದು. ನೋಡುತ್ತಲೇ ನಾನು ಅತ್ತುಬಿಟ್ಟೆ. "ನಿಮ್ಮಾಯಿ ಥೇಟ್ ಹಿಂಗ ಮಾಡ್ತಿದ್ಲು" ಎಂದು ಮಗಳಿಗೆ ಅವಳ ಅಜ್ಜಿಯ ರೀತಿ ತೋರಿಸಿದೆ.

ಹೋದ ವಾರ ಅಕ್ಕ ನರಗುಂದಕ್ಕೆ ನಮ್ಮ ಮನೆಗೆ ಬಂದಿದ್ದಳು. ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಅದೇ ಮಾತು ತೆಗೆದೆ. "ಆ ಗಂಟಿಗೆ ಕಣ್ಣು ಒತ್ತೋದು, ಅವ್ವನ್ನ ಹಂಗ ಇಳಿಸಿಬಿಟ್ಟೀಯಕ್ಕಾ."

ಅವಳ ಕೈ ನಿಂತಿತು. "ಅದು ಅವ್ವಂದ? ಅದನ್ನ ನಾನ ಮಾಡಿದ್ದಬೇ. ಲೈಟ್ ಕಣ್ಣಾಗ ಹೊಡೀತಿತ್ತು, ತಲಿ ತಾನ ಬಾಗ್ತು. ಡೈರೆಕ್ಟರು ಚಲೋ ಐತಿ, ಇರಲಿ ಅಂದ್ರು."

ಆ ಚಿತ್ರಕ್ಕಿಂತ ಮೊದಲು ಅವ್ವ ಹಾಗೆ ಮಾಡಿದ್ದು ನನಗೆ ಒಂದು ಸಲವಾದರೂ ನೆನಪಾಗಿತ್ತೇ? ಹುಡುಕಿದೆ. ಅವ್ವನ ಬೆರಳು ಕಾಣುತ್ತದೆ, ಗಂಟು ಕಾಣುತ್ತದೆ. ತಲೆ ಬಾಗುವ ಹೊತ್ತಿಗೆ ಅಕ್ಕನ ಮುಖ ಬಂದು ಕೂರುತ್ತದೆ.

ಅಕ್ಕ ಮಾತ್ರ ಹತ್ತಿರ ಸರಿದಳು. "ಸರೂ, ನೆನಸಿ ಹೇಳು. ಖರೇನ ಮಾಡ್ತಿದ್ಲಾ? ಹದಿನಾರಕ್ಕ ಮನಿ ಬಿಟ್ಟಾಕಿ ನಾ. ನಿಮ್ಮವ್ವನ್ನ ಕಂಡಂಗಾತು ಅಂತ ಎಲ್ಲಾರೂ ಅಂತಾರ. ಅದರಾಗ ಅಕೀದು ಒಂದರ ಐತೋ, ಎಲ್ಲಾ ನಂದ ಏನು?"

"ಮಾಡ್ತಿದ್ಲು" ಎಂದೆ.

"ಯಾವ ಕಣ್ಣಿಗೆ?"

ಚಿತ್ರದಲ್ಲಿ ಅದು ಬಲಗಣ್ಣು. ಇಡೀ ನಾಡು ನೋಡಿದೆ. ನನ್ನ ಬಾಯಿಂದ ಬಂದದ್ದು, "ಎಡಕ್ಕ."

ಅಕ್ಕ, "ಹಂಗಾರ ನಾ ತಪ್ಪು ಮಾಡೇನಿ" ಎಂದು ಸಣ್ಣ ಹುಡುಗಿಯ ಹಾಗೆ ನಕ್ಕಳು. ಯಾವ ಪ್ರಶಸ್ತಿ ಹಿಡಿದ ಫೋಟೋದಲ್ಲೂ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿಲ್ಲ.

ನಾನು ಹೇಳಿದ್ದು ಸುಳ್ಳೋ ನೆನಪೋ ಈಗಲೂ ಗೊತ್ತಿಲ್ಲ. ಆದರೆ ಅಂದಿನಿಂದ ಅವ್ವ ಕಣ್ಮುಂದೆ ಬಂದಾಗಲೆಲ್ಲ ಎಡಗಣ್ಣನ್ನೇ ಒತ್ತಿಕೊಳ್ಳುತ್ತಾಳೆ, ಮತ್ತು ಆ ಮುಖ ಅಕ್ಕನದಲ್ಲ.