ಹೋದ ದನಿ ದಾಂಡೇಲಿಯಲ್ಲಿ ಸಿಕ್ಕಿತು

ಎರಡು ವರ್ಷದ ಹಿಂದಿನ ಮಾತು. ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿ ಹಳಿಯಾಳದಲ್ಲಿ ಮಗಳು ಸುಜಾತಾಳ ಮನೆಯಲ್ಲಿದ್ದೆ. ನಾಗರಪಂಚಮಿಯ ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಲಕ್ವ ಹೊಡೆಯಿತು. ಆಸ್ಪತ್ರೆಗೆ ಬೇಗ ಒಯ್ದದ್ದರಿಂದ ಜೀವ ಉಳಿಯಿತು, ಕಾಲು ಮತ್ತೆ ನಡೆಯತೊಡಗಿತು, ಬಲಗೈ ಸ್ವಲ್ಪ ಹಿಡಿತಕ್ಕೆ ಬಂತು. ಮಾತು ಮಾತ್ರ ಬರಲಿಲ್ಲ. ಹೇಳಬೇಕಾದದ್ದೆಲ್ಲ ತಲೆಯಲ್ಲಿ ಸ್ಪಷ್ಟವಾಗಿರುತ್ತಿತ್ತು, ನಾಲಿಗೆಯ ತನಕ ಬಂದು ಅಲ್ಲೇ ನಿಲ್ಲುತ್ತಿತ್ತು. ದಾಂಡೇಲಿ, ಜೊಯಿಡಾ, ಉಳವಿ ಎಂದು ಊರುಗಳ ಹೆಸರು ಕೂಗಿಯೇ ಜೀವಮಾನವಿಡೀ ಅನ್ನ ತಿಂದವನು ನಾನು.

ಸುಜಾತಾ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ನಾನು ಬಾಯಿ ತೆರೆದರೆ ಸಾಕು, “ನೀರ ಬೇಕೇನಪಾ? ಫ್ಯಾನ್ ಹಚ್ಚಲೇನು?” ಎಂದು ಅವಳೇ ಕೇಳಿ, ಅವಳೇ ಮಾಡಿ ಮುಗಿಸುತ್ತಿದ್ದಳು. ಬಂದವರು “ಹೆಂಗದೀರಿ?” ಎಂದು ನನ್ನನ್ನು ಕೇಳಿದರೆ “ಆರಾಮ ಅದಾರ್ರಿ” ಎನ್ನುವವಳೂ ಅವಳೇ. ಅದು ಪ್ರೀತಿ, ಅನುಮಾನವೇ ಇಲ್ಲ. ಆದರೆ ಕೆಲವೇ ತಿಂಗಳಲ್ಲಿ ನಾನು ಬಾಯಿ ತೆರೆಯುವುದನ್ನೇ ಬಿಟ್ಟುಬಿಟ್ಟೆ.

ದಾಂಡೇಲಿಯ ಹೊರವಲಯದಲ್ಲಿ ನಿವೃತ್ತರಿಗೆಂದೇ ಕಟ್ಟಿದ ಸಣ್ಣ ಮನೆಗಳ ವಠಾರವೊಂದಿದೆ. ಹಳೆಯ ಗೆಳೆಯನೊಬ್ಬ ಕರೆದುಕೊಂಡು ಹೋಗಿ ತೋರಿಸಿದ. ಪ್ರತಿ ಮನೆಗೂ ಅದರದೇ ಬೀಗ, ಅದರದೇ ಒಲೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಎಲ್ಲೂ ಮೆಟ್ಟಿಲಿಲ್ಲ. ವಾರಕ್ಕೊಮ್ಮೆ ನರ್ಸ್ ಬರುತ್ತಾರೆ. ಮಧ್ಯಾಹ್ನದ ಊಟ ಎಲ್ಲರದೂ ಒಟ್ಟಿಗೆ, ಉಳಿದಂತೆ ಅವರವರ ಬದುಕು ಅವರವರಿಗೆ. ನನಗೆ ಇಷ್ಟವಾಯಿತು.

ಸುಜಾತಾ ಅತ್ತಳು. “ನಾ ಏನ್ ಕಮ್ಮಿ ಮಾಡೇನಪಾ? ಮಗಳು ಅಪ್ಪನ್ನ ಹೊರಗ ಹಾಕಿದ್ಲು ಅಂತಾರ ಮಂದಿ” ಎಂದಳು. ನೀನೇನೂ ಕಡಿಮೆ ಮಾಡಿಲ್ಲ ಎಂದು ಹೇಳಲು ನನಗೆ ಮಾತಿರಲಿಲ್ಲ. ಅವಳ ತಲೆ ಸವರಿ, ಬಟ್ಟೆಬರೆ, ದಾಡಿ ಸಾಮಾನು ಚೀಲಕ್ಕೆ ತುಂಬಿಕೊಂಡು ಹೋಗಿ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತೆ. ಕೊನೆಗೆ ಅವಳೇ ದಾಂಡೇಲಿಗೆ ಬಿಡಲು ಬಂದಳು.

ಹೋದ ದಿನವೇ ಪಕ್ಕದ ಮನೆಯ ಲೂಸಿಯಾಬಾಯಿ ಚಹಾ ತಂದರು. ಹಳಿಯಾಳ ಕಡೆಯ ಸಿದ್ದಿ ಮನೆತನದವರು. ವಿದ್ಯಾರ್ಥಿನಿಯರ ಹಾಸ್ಟೆಲ್‌ನಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಎಡಗಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಹಾಗಾಗಿ ಬಲಗಿವಿ ಮುಂದೆ ಮಾಡಿ ಕೂತು, “ನಿಮ್ಮ ಹೆಸರೇನ್ರೀ ಅಣ್ಣಾರ?” ಎಂದರು.

“ಬಸವಂತಪ್ಪ ಅಂತರಿ. ಅಪ್ಪಾಗ ಮಾತ ಬರೂದಿಲ್ಲರಿ” ಎಂದಳು ಸುಜಾತಾ.

“ತಂಗೀ, ನಾ ಅವರನ್ನ ಕೇಳೇನಿ” ಎಂದರು ಲೂಸಿಯಾಬಾಯಿ. ಸಿಟ್ಟಿನಿಂದಲ್ಲ, ನಗುತ್ತಲೇ. ಆಮೇಲೆ ಸುಮ್ಮನೆ ಕಾದರು. ಚಹಾದ ಮೇಲೆ ಕೆನೆಗಟ್ಟಿತು. ನನಗೆ ಬೆವರು ಬಂತು. ಕೊನೆಗೆ “ಬಸ್… ಬಸ್…” ಎಂದೆ.

“ನಡೀತೈತಿ. ಉಳಿದದ್ದು ನಾಳೆ ಹೇಳ್ರಿ” ಎಂದು ಎದ್ದು ಹೋದರು. ಅಂದಿನಿಂದ ವಠಾರದವರಿಗೆಲ್ಲ ನಾನು ಬಸ್ಸಣ್ಣನಾದೆ.

ಅಲ್ಲಿಯ ಊಟದ ಮನೆ ಮೊದಮೊದಲು ನನಗೆ ಶಿಕ್ಷೆಯಂತಿತ್ತು. ಬಡಿಸುವ ಸರದಿ ಲೂಸಿಯಾಬಾಯಿಯದಾದರೆ ಸೌಟು ಹಿಡಿದು ನಿಂತೇ ಬಿಡುತ್ತಿದ್ದರು. ಅನ್ನವೋ ಸಾರೋ ಎಂದು ನಾನೇ ಹೇಳಬೇಕು. ಬೆರಳು ತೋರಿಸಿದರೆ ಕಂಡರೂ ಕಾಣದಂತೆ ಇರುತ್ತಿದ್ದರು. ಕಲ್ಲುಮನಸ್ಸಿನ ಹೆಂಗಸು ಎಂದುಕೊಂಡೆ. ಪಂಕ್ತಿಯಲ್ಲಿದ್ದವರೂ ಯಾರೂ ಅವಸರ ಮಾಡುತ್ತಿರಲಿಲ್ಲ, ಅಯ್ಯೋ ಪಾಪ ಎನ್ನುತ್ತಲೂ ಇರಲಿಲ್ಲ. ನಿವೃತ್ತ ಮಾಸ್ತರರೊಬ್ಬರು ಬೆಳಿಗ್ಗೆ ಪೇಪರ್ ತಂದು ಒಂದು ಸಾಲು ತಾವು ಓದಿ, ಮುಂದಿನದಕ್ಕೆ ನನ್ನ ಮುಖ ನೋಡುತ್ತಿದ್ದರು. ಚಳಿಗಾಲ ಮುಗಿಯುವಷ್ಟರಲ್ಲಿ “ಅನ್ನ” ಬಂತು, “ಸಾಕು” ಬಂತು. ಮನೆ ಗುಡಿಸುವುದು, ಎಡಗೈಯಲ್ಲಿ ಬಟ್ಟೆ ಒಣಹಾಕುವುದು ಎಲ್ಲ ನಾನೇ ಮಾಡಿಕೊಳ್ಳುತ್ತಿದ್ದೆ. ಬಹಳ ದಿನಗಳ ಮೇಲೆ ರಾತ್ರಿ ನಿದ್ದೆ ಹತ್ತತೊಡಗಿತು.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಲೂಸಿಯಾಬಾಯಿ ಅಂಗಳದಲ್ಲಿ ಚಾಪೆ ಹಾಸಿ ಮುರುಗಲು ಹಣ್ಣಿನ ಸಿಪ್ಪೆ ಒಣಗಿಸುತ್ತ ಕೂತಿದ್ದರು. ನಾನು ನನ್ನ ಮನೆಯ ಮುಂದೆ ಕುರ್ಚಿಯಲ್ಲಿದ್ದೆ. ಅಡುಗೆಮನೆಗೆ ಅಕ್ಕಿಚೀಲ ತಂದಿದ್ದ ಟೆಂಪೊ, ಚೀಲ ಇಳಿಸಿ ರಿವರ್ಸ್‌ನಲ್ಲಿ ಚಾಪೆಯ ಕಡೆ ಬರತೊಡಗಿತು. ಡ್ರೈವರ್ ಆಚೆ ಬದಿಯ ಕನ್ನಡಿ ನೋಡುತ್ತಿದ್ದ. ಲೂಸಿಯಾಬಾಯಿಯ ಕೇಳದ ಕಿವಿ ಟೆಂಪೊ ಕಡೆಗಿತ್ತು. ಅವರು ಬಗ್ಗಿ ಸಿಪ್ಪೆ ಹರಡುತ್ತಲೇ ಇದ್ದರು.

ಓಡಲು ನನ್ನಿಂದಾಗದು. ಎದ್ದು ನಿಂತೆ, ಕುರ್ಚಿ ಬಿತ್ತು.

“ಹೋಲ್ಡಾನ್!”

ಆ ದನಿ ನನ್ನದೇ ಎಂದು ನನಗೇ ತಿಳಿಯಲಿಲ್ಲ. ಬಸ್ ನಿಲ್ಲಿಸಲು ಹಿಂದಿನ ಬಾಗಿಲಿನಿಂದ ಮುಂದಿನ ಡ್ರೈವರ್‌ಗೆ ಮುಟ್ಟುತ್ತಿದ್ದ ಅದೇ ಹಳೆಯ ದನಿ. ಟೆಂಪೊ ಗಕ್ಕನೆ ನಿಂತಿತು. ಹಿಂದಿನ ಚಕ್ರ ಚಾಪೆಯ ಅಂಚು ಹತ್ತಿ ಸಿಪ್ಪೆಯನ್ನು ಅರೆದಿತ್ತು. ಲೂಸಿಯಾಬಾಯಿಗೂ ಅದಕ್ಕೂ ಒಂದು ಮೊಳ ಅಂತರ.

ಡ್ರೈವರ್ ಇಳಿದು ಬಂದ. “ಯಾರ್ರೀ ಒದರಿದ್ದು?” ಎಂದ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಏನೋ ಹೇಳಹೋದೆ. ಮತ್ತೆ ಒಂದಕ್ಷರವೂ ಹೊರಡಲಿಲ್ಲ. ಲೂಸಿಯಾಬಾಯಿ ಬಂದು ನನ್ನ ಕೈ ಹಿಡಿದುಕೊಂಡು, “ಅವಸರ ಇಲ್ಲ ಅಣ್ಣಾರ, ಕುಂದರ್ರಿ ಮೊದ್ಲ” ಎಂದರು. ಇಬ್ಬರೂ ಬಹಳ ಹೊತ್ತು ಅತ್ತೆವು.

ಹಾಗೆ ರೂಢಿಯ ಮಾತು ಕೆಲವೊಮ್ಮೆ ತಾನಾಗಿಯೇ ಹೊರಗೆ ಬರುತ್ತದೆ, ಇನ್ನು ಉಳಿದದ್ದೂ ಬರಬಹುದು, ಪ್ರಯತ್ನ ಬಿಡಬೇಡಿ ಎಂದು ನರ್ಸ್ ಹೇಳಿದರು. ಬಿಡಲು ವಠಾರದವರು ಬಿಟ್ಟರೆ ತಾನೆ.

ಆ ಭಾನುವಾರ ಸುಜಾತಾ ಬಂದಳು, ನಡೆದದ್ದನ್ನೆಲ್ಲ ಲೂಸಿಯಾಬಾಯಿಯಿಂದ ಕೇಳಿದಳು. ಇಬ್ಬರೂ ಬಸ್‌ಸ್ಟ್ಯಾಂಡ್ ಹತ್ತಿರದ ಚಹಾ ಅಂಗಡಿಗೆ ಹೋದೆವು. “ಅಪ್ಪಾರಿಗೆ ಏನ್ ಕೊಡ್ಲಿರಿ?” ಎಂದು ಅಂಗಡಿಯವ ಅವಳನ್ನೇ ಕೇಳಿದ. ಅವಳು ಬಾಯಿ ತೆರೆದವಳು ತಟ್ಟನೆ ಮುಚ್ಚಿದಳು. ನನ್ನ ಕಡೆ ನೋಡಿದಳು. ಹಿಂದೆ ಜನ ನಿಂತಿದ್ದರು. ಅವಳು ಕದಲಲಿಲ್ಲ.

“ಚಹಾ,” ಎಂದೆ. ತಡೆದು, “ಸಕ್ಕರಿ… ಹಾಕ್ರಿ” ಎಂದೆ.

ಲಕ್ವ ಹೊಡೆದಾಗಿನಿಂದ ಅವಳು ನನಗೆ ಸಕ್ಕರೆ ಇಲ್ಲದ ಚಹಾವನ್ನೇ ಹೇಳುತ್ತಿದ್ದಳು. ನನಗೆ ಸಕ್ಕರೆ ಕಾಯಿಲೆಯೇ ಇಲ್ಲ. ಅವಳು ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇಂದಿಗೂ ನನ್ನ ಮಾತು ತಡವರಿಸುತ್ತದೆ. ಆ ವಠಾರದಲ್ಲೇ ಇದ್ದೇನೆ. ಮಗಳ ಮನೆಗೆ ಹೋಗುತ್ತೇನೆ, ಬರುತ್ತೇನೆ. ಎರಡೂ ಕಡೆ ಈಗ ನಾನು ಒಂದು ಮಾತು ಶುರು ಮಾಡಿದರೆ, ಅದು ಮುಗಿಯುವ ತನಕ ಕಾಯುವವರಿದ್ದಾರೆ.