ನನ್ನ ಗದ್ದ ಅಳೆಯಲು ಹೋದಾಗ ಅತ್ತೆಯ ಮೂಗು ಸಿಕ್ಕಿಬಿತ್ತು

ಮುಖದ ತುಂಬ ಬಿಳಿ ಪೌಡರ್ ಬಳಿಸಿಕೊಂಡು ಸ್ಟೂಲಿನ ಮೇಲೆ ಕೂತಿದ್ದೆ. ಡಾಕ್ಟರು "ಅಲ್ಲಾಡಬೇಡಿ" ಅಂದರು.

ನಾನು ಅಲ್ಲಾಡಲಿಲ್ಲ. ಆದರೆ ಮುಖದ ಮುಂದಿದ್ದ ಚೌಕಟ್ಟಿನ ದಾರಗಳು ಟಪ್ ಟಪ್ ಎಂದು ಹರಿದು ನನ್ನ ಮೂಗಿನ ಮೇಲೆ ಬಿದ್ದವು.

ಎಂಬತ್ತರ ದಶಕ. ಬಾಗಲಕೋಟೆಯ ಒಂದು ದವಾಖಾನೆ. ನನಗೆ ಹತ್ತೊಂಬತ್ತು.

ಚಿಕ್ಕವಳಿದ್ದಾಗ ಗುಳೇದಗುಡ್ಡದ ನಮ್ಮ ಮನೆಯಲ್ಲಿ ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಗೆ ಬಿದ್ದು ದವಡೆ ಮುರಿದಿತ್ತು. ಕೂಡಿಕೊಂಡದ್ದು ಸೊಟ್ಟಗೆ. ಗದ್ದ ಎಡಕ್ಕೆ ಹೊರಳಿತ್ತು.

ಒಂದು ರೊಟ್ಟಿ ಅಗಿಯಲು ನನಗೆ ಅರ್ಧ ಗಂಟೆ ಬೇಕು. ಹೆಣ್ಣು ನೋಡಲು ಬಂದ ಮೂರು ಮನೆಯವರು ಮಾತ್ರ ಉಪ್ಪಿಟ್ಟನ್ನು ಗಬಗಬ ನುಂಗಿ ಎದ್ದು ಹೋಗಿದ್ದರು.

ಆಪರೇಷನ್ ಮಾಡಬೇಕೆಂದರೆ ಮುಖ ಎಲ್ಲಿ, ಎಷ್ಟು ಸೊಟ್ಟ ಎಂದು ಗೊತ್ತಾಗಬೇಕು. ಎಕ್ಸ್-ರೇಯಲ್ಲಿ ಎಲುಬು ಕಾಣುತ್ತದೆ, ಕೆನ್ನೆಯ ಉಬ್ಬುತಗ್ಗು ಕಾಣುವುದಿಲ್ಲ. ಅದಕ್ಕೇ ಮೈಸೂರು ಕಡೆಯ ಆ ಎಳೆಯ ಡಾಕ್ಟರು ಈ ಚೌಕಟ್ಟು ತಂದಿದ್ದರು.

ಒತ್ತೊತ್ತಾಗಿ ಬಿಗಿದ ಕಪ್ಪು ದಾರಗಳು. ಪಕ್ಕದಿಂದ ಲೈಟು ಬಿಟ್ಟು ದಾರದ ನೆರಳು ಬೀಳಿಸಿ, ಎದುರಿನಿಂದ ದಾರಗಳ ಮೂಲಕವೇ ಫೋಟೊ ತೆಗೆದರೆ ಮುಖದ ಮೇಲೆ ಸುತ್ತುಸುತ್ತು ಗೆರೆಗಳು ಮೂಡುತ್ತವೆ... ನಕಾಶೆಯಲ್ಲಿ ಗುಡ್ಡ ತೋರಿಸಲು ಬರೆದಿರುತ್ತಾರಲ್ಲ, ಹಾಗೆ. ಎರಡೂ ಕೆನ್ನೆಯ ಗೆರೆ ಎಣಿಸಿದರೆ ಯಾವ ಕಡೆ ಎಷ್ಟು ಉಬ್ಬು ಎಂದು ತಿಳಿಯುತ್ತದೆ.

ಈಗ ದಾರವೇ ಹರಿದಿದೆ! ಆಪರೇಷನ್ ಮಾಡುವ ದೊಡ್ಡ ಡಾಕ್ಟರು ಹೊರಗಿನಿಂದ ಬರುವುದು ಮುಂದಿನ ವಾರ. ಅದು ತಪ್ಪಿದರೆ ಮತ್ತೆ ಯಾವಾಗಲೋ. ನನಗೆ ಅಳುವೇ ಬಂತು.

ನನ್ನ ಜೊತೆ ಬಂದಿದ್ದ ನೇಕಾರ ಅಪ್ಪ ಚೌಕಟ್ಟನ್ನು ಬೆಳಕಿಗೆ ಹಿಡಿದು ನೋಡಿದ. "ಯಾರ್ರೀ ಇದನ್ನ ಕಟ್ಟಿದವ್ರು? ಒಂದ್ ಎಳಿ ಬಿಗಿ, ಒಂದ್ ಎಳಿ ಸಡ್ಲ. ಇದ್ರಾಗ ನೋಡಿದ್ರ ಯಾರ ಮಾರಿನೂ ಸೊಟ್ಟನ ಕಾಣ್ತೈತ್ರಿ."

"ನೀವು ಕಟ್ಟಬಲ್ಲಿರಾ ಯಜಮಾನ್ರೇ?"

"ಹುಟ್ಟಿದಾಗಿಂದ ಮತ್ತೇನ್ ಮಾಡೇನ್ರಿ ನಾ?"

ಎರಡೇ ದಿನದಲ್ಲಿ ಅಪ್ಪ ಹೊಸ ದಾರ ಬಿಗಿದು ತಂದ. ಒಂದೊಂದು ಎಳೆಯೂ ಸಮ. ಡಾಕ್ಟರು ಅದನ್ನು ಬೆರಳಿನಿಂದ ಮುಟ್ಟಲೂ ಹೆದರಿದರು.

ಜೊತೆಗೆ ಸೋದರತ್ತೆಯೂ ಬಂದಿದ್ದಳು. ಊರಿಗೆಲ್ಲ ನನ್ನನ್ನು "ನಮ್ಮ ಸೊಟ್ಟ ಗದ್ದದಾಕಿ" ಎಂದು ಪರಿಚಯಿಸುತ್ತಿದ್ದವಳು ಈಕೆಯೇ.

"ಮೊದಲು ನೇರ ಮುಖದವರ ಒಂದು ಫೋಟೊ ತೆಗೆದು ದಾರ ಸರಿಯಿದೆಯಾ ನೋಡೋಣ" ಎಂದರು ಡಾಕ್ಟರು.

ಅವರ ಮಾತು ಮುಗಿಯುವ ಮೊದಲೇ ಅತ್ತೆ ಸ್ಟೂಲಿನ ಮೇಲಿದ್ದಳು. "ತಗೀರಿ. ನನ್ನ ಮಾರಿ ಗೊಂಬಿ ಮಾರಿ ಇದ್ದಂಗ ಐತಿ."

ಎಕ್ಸ್-ರೇ ಕೋಣೆಯಲ್ಲಿ ಫೋಟೊ ತೊಳೆದು ತಂದರು. ಡಾಕ್ಟರು ಗೆರೆ ಎಣಿಸಿದರು. ಮತ್ತೆ ಎಣಿಸಿದರು. ಬೆವರು ಒರೆಸಿಕೊಂಡರು.

"ದಾರ ಸರಿಯಾಗಿದೆ ಅಮ್ಮ. ನಿಮ್ಮ ಮೂಗೇ ಬಲಕ್ಕೆ ಹೊರಳಿದೆ. ಎಡಗೆನ್ನೆ ಸ್ವಲ್ಪ ತಗ್ಗು."

ಅತ್ತೆ ಸ್ಟೂಲನ್ನು ಡಾಕ್ಟರ ಕಡೆಗೆ ತಳ್ಳಿದಳು.

"ಏನಂದ್ರಿ? ಬರ್ರಿ ಮತ್ತ, ನೀವ ಕೂಡ್ರಿ ನೋಡೋಣು!"

ಪಾಪ, ಡಾಕ್ಟರೂ ಪೌಡರ್ ಬಳಿದುಕೊಂಡು ಕೂತರು. ಕಂಪೌಂಡರ್ ಫೋಟೊ ತೆಗೆದ. ಅವರದು ಬಲಗೆನ್ನೆ ಉಬ್ಬು! ಆಮೇಲೆ ಕಂಪೌಂಡರ್ ಕೂತ. ಅವನ ಗದ್ದವೂ ನಡುವೆ ಇರಲಿಲ್ಲ.

ನನಗೆ ನಗು ತಡೆಯಲಾಗಲಿಲ್ಲ. ಪರಸ್ಥಳದವರ ಎದುರು ಸೆರಗು ಅಡ್ಡ ಹಿಡಿಯದೆ ನಾನು ನಕ್ಕದ್ದು ಅದೇ ಮೊದಲು. ಅಪ್ಪ ಫೋಟೊ ಬಿಟ್ಟು ನನ್ನನ್ನೇ ನೋಡುತ್ತಾ ನಿಂತಿದ್ದ.

ಕೊನೆಗೆ ತೆಗೆದ ನನ್ನ ಫೋಟೊದಲ್ಲಿ ಗೆರೆಗಳ ವ್ಯತ್ಯಾಸ ಮಾತ್ರ ತಮಾಷೆಯದಾಗಿರಲಿಲ್ಲ. ಮುಂದಿನ ವಾರ ಆ ಫೋಟೊ ನೋಡಿಯೇ ಆಪರೇಷನ್ ಮಾಡಿದರು. ಗದ್ದ ನಡುವಿಗೆ ಬಂತು, ಪೂರ್ತಿ ಅಲ್ಲ, ಆದರೆ ಸಾಕಷ್ಟು. ಎರಡು ತಿಂಗಳು ಗಂಜಿ ಕುಡಿದ ಮೇಲೆ ರೊಟ್ಟಿಯನ್ನು ಎಲ್ಲರ ಜೊತೆಗೇ ತಿಂದು ಮುಗಿಸಿದೆ.

ವರ್ಷದ ನಂತರ ಇಳಕಲ್ಲಿನಿಂದ ಒಂದು ಮನೆಯವರು ಬಂದರು. ಹುಡುಗನ ತಾಯಿ ನನ್ನ ಗದ್ದವನ್ನು ದಿಟ್ಟಿಸುತ್ತಿದ್ದಂತೆ ಅತ್ತೆ ಮುಂದೆ ಬಂದಳು.

"ನಮ್ಮ ಹುಡುಗಿ ಮಾರಿ ದವಾಖಾನ್ಯಾಗ ಅಳತಿ ಹಿಡಿದು ಸರಿ ಮಾಡ್ಸೇವ್ರಿ. ನಿಮ್ಮ ಹುಡುಗಂದು ಅಳಸೀರೇನು?"

ಹುಡುಗ ಜೋರಾಗಿ ನಕ್ಕುಬಿಟ್ಟ. ಮದುವೆಯಾಗಿ ಇಷ್ಟು ವರ್ಷವಾಯಿತು... ಅವರದು ಇನ್ನೂ ಅಳೆಸಿಲ್ಲ.

ಕನ್ನಡಿ ಹತ್ತಿರವಿದ್ದರೆ ಒಮ್ಮೆ ನೋಡಿಕೊಂಡು ಹೇಳಿ, ನಿಮ್ಮದು ಯಾವ ಕಡೆಗೆ?