ಎಡಕ್ಕೆ ಬಿದ್ದ ಹೂವು

ಒಂಬತ್ತು ವರ್ಷಗಳ ಹಿಂದೆ, ಕಾರ್ತಿಕ ಮಾಸದ ಎರಡನೇ ಸೋಮವಾರ, ಸೋಂದಾ ಹತ್ತಿರದ ಒಂದು ಹಳ್ಳಿಯ ದೇವಸ್ಥಾನದಲ್ಲಿ ಬೆಳಗಿನ ಪೂಜೆ ಮುಗಿದ ಮೇಲೆ ಪ್ರಸಾದ ಕೇಳಲಾಯಿತು. ಹೂವು ಎಡಕ್ಕೆ ಬಿತ್ತು.

ಕೇಳಿದವರು ಒಬ್ಬ ತೋಟದ ಯಜಮಾನರು. ಪಕ್ಕದಲ್ಲಿ ಕುಳಿತಿದ್ದವಳು ಅವರ ಒಬ್ಬಳೇ ಮಗಳು. ಸಿದ್ದಾಪುರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದಳು. ಅವಳನ್ನು ನನಗೆ ಮದುವೆ ಮಾಡಿಕೊಡಬಹುದೇ ಎನ್ನುವುದು ಪ್ರಶ್ನೆ. ನಾನು ಅಲ್ಲಿರಲಿಲ್ಲ. ಶಿರಸಿಯ ನಮ್ಮ ಪತ್ರಿಕಾ ಕಚೇರಿಯಲ್ಲಿ ಯಾರದೋ ಸನ್ಮಾನದ ವರದಿಯನ್ನು ಅರ್ಧಕ್ಕೆ ಇಳಿಸುತ್ತಿದ್ದೆ. ಮೊಬೈಲಿಗೆ ಅವಳಿಂದ ಒಂದೇ ಪದ ಬಂತು: "ಎಡ." ಸನ್ಮಾನದ ವರದಿ ಮುಗಿಸಿ ಪುಟಕ್ಕೆ ಕಳಿಸಿದೆ.

ಪದ್ಧತಿ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಅಭಿಷೇಕದಿಂದ ಒದ್ದೆಯಾದ ವಿಗ್ರಹದ ಎರಡೂ ಭುಜಗಳಿಗೆ ಒಂದೊಂದು ಹೂವಿನ ಎಸಳು ಅಂಟಿಸುತ್ತಾರೆ. ಪ್ರಶ್ನೆ ಹೇಳಿ, ಕೈಮುಗಿದು ಕಾಯುತ್ತಾರೆ. ದೇವರ ಬಲಭುಜದ ಎಸಳು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ಹೆಣ್ಣು ಕೊಡುವುದಕ್ಕೆ, ಬಾವಿ ತೋಡುವುದಕ್ಕೆ, ಆಪರೇಶನ್ನಿಗೆ ಹುಬ್ಬಳ್ಳಿಗೆ ಹೋಗುವುದೋ ಮಂಗಳೂರಿಗೋ ಎನ್ನುವುದಕ್ಕೂ ಇಲ್ಲಿ ಪ್ರಸಾದ ಕೇಳುವವರಿದ್ದಾರೆ.

ಅವಳ ಪರಿಚಯವಾದದ್ದು ನಾನು ಬರೆದ ಒಂದು ವಾಕ್ಯದಿಂದ. ಒಂದು ಮಳೆಗಾಲ ಅರಬೈಲ್ ಘಟ್ಟದಲ್ಲಿ ಮಣ್ಣು ಜಾರಿತ್ತು. ರಸ್ತೆ ಕುಸಿಯಬಹುದು, ಕುಸಿಯದೆಯೂ ಇರಬಹುದು, ಸಾಧ್ಯತೆ ಅರ್ಧಕ್ಕರ್ಧ ಎಂದು ಸ್ಥಳದಲ್ಲಿದ್ದ ಒಬ್ಬರು ಹೇಳಿದರು. ಹಾಗೇ ಬರೆದೆ. ಮರುದಿನ ಕಚೇರಿಗೆ ಫೋನ್ ಬಂತು.

"ಘಟ್ಟದ ಸುದ್ದಿ ಬರ್ದವ್ರು ನೀವೇಯಾ?"

"ಹೌದು."

"ಕುಸೀತದೆ, ಇಲ್ಲ ಕುಸಿಯೂದಿಲ್ಲ, ಅದಕ್ಕೇ ಅರ್ಧಕ್ಕರ್ಧ ಅಂತ ಬರ್ದೀರಿ. ನಾಳೆ ನಿಮ್ಮ ಆಫೀಸಿಗೆ ಆನೆ ಬರ್ತದೆ, ಇಲ್ಲ ಬರೂದಿಲ್ಲ. ಅದೂ ಅರ್ಧಕ್ಕರ್ಧವಾ ಮಾರಾಯ್ರೆ?"

"ಅದು ನಾನು ಹೇಳಿದ್ದಲ್ಲ. ಅಲ್ಲಿದ್ದವರು ಹೇಳಿದ್ದು."

"ಹಂಗಾರೆ ಅವ್ರ ನಂಬರ್ ಕೊಡಿ."

ನಂಬರ್ ಕೊಡಲಿಲ್ಲ, ಅವಳು ಯಾವ ಕಾಲೇಜಿನವಳು ಎಂದು ಕೇಳಿಕೊಂಡೆ. ಮುಂದಿನ ವಾರ ಸಿದ್ದಾಪುರಕ್ಕೆ ವರದಿಗೆ ಹೋದಾಗ ನಾನೇ ಹೋಗಿ ಭೇಟಿಯಾದೆ. ಫಲಿತಾಂಶ ಎರಡೇ ಇದ್ದ ಮಾತ್ರಕ್ಕೆ ಎರಡಕ್ಕೂ ಸಮ ಅವಕಾಶ ಇರುವುದಿಲ್ಲ ಎಂಬುದನ್ನು ಸಂಭವನೀಯತೆಯ ಮೊದಲ ಪಾಠದಲ್ಲೇ ಹೇಳಿಕೊಡುತ್ತೇನೆ ಎಂದಳು. ಆ ಪಾಠ ಕೇಳದ ಹುಡುಗರು ಪೇಪರ್ ಸೇರುತ್ತಾರೆ ಎಂದೂ ಹೇಳಿದಳು.

ಅವಳು ದಿನಾ ಸಂಜೆ ಸಿದ್ದಾಪುರದಿಂದ ಶಿರಸಿಗೆ ಬಂದು, ಅಲ್ಲಿಂದ ಸೋಂದಾ ಕಡೆಯ ಬಸ್ ಹಿಡಿಯಬೇಕಿತ್ತು. ವಾರಕ್ಕೆ ಒಂದೆರಡು ಸಲ ನನಗೂ ಸಿದ್ದಾಪುರದಲ್ಲಿ ಕೆಲಸ ಇರುತ್ತಿತ್ತು. ಇಲ್ಲದಿದ್ದರೆ ಹುಡುಕಿಕೊಳ್ಳುತ್ತಿದ್ದೆ. ನಿಲ್ದಾಣದಲ್ಲಿ ಕಂಡಕ್ಟರುಗಳೂ ಅವಳನ್ನು ಅಕ್ಕೋರೆ ಎಂದು ಕರೆಯುತ್ತಿದ್ದರು. ನಮ್ಮ ಕಡೆ ಟೀಚರಿಗೆ ಹಾಗೆನ್ನುತ್ತಾರೆ. ನಾನೂ ಅದನ್ನೇ ರೂಢಿ ಮಾಡಿಕೊಂಡೆ.

"ಬಸ್ ಎಷ್ಟು ಹೊತ್ತಿಗೆ ಬರ್ತದೆ ಅನ್ನೂದು ಈಗ ಯಾದೃಚ್ಛಿಕ ಚಲಕ," ಎಂದಳು ಒಂದು ಸಂಜೆ, ರಸ್ತೆ ನೋಡುತ್ತ. "ಇಷ್ಟೇ ಅಂತ ಹೇಳೂಕೆ ಬರೂದಿಲ್ಲ. ಐದು ನಿಮಿಷ ಆಗ್ಬಹುದು, ಅರ್ಧ ತಾಸು ಆಗ್ಬಹುದು, ಒಂದೊಂದಕ್ಕೂ ಒಂದೊಂದು ಸಂಭವನೀಯತೆ. ಬಸ್ ಬಂದು ನಿಂತ್ರೆ ಆತು. ಆಮೇಲೆ ಅದು ಬರೀ ಒಂದು ಸಂಖ್ಯೆ."

"ಹಾಗಾದರೆ ಬರುವುದೇ ಬೇಡ."

"ಪೇಪರಿನವ್ರಿಗೆ ಮನೆಗೆ ಹೋಗೂ ಗಡಿಬಿಡಿ ಇಲ್ಲ. ನಂಗೆ ಉತ್ತರಪತ್ರಿಕೆ ತಿದ್ದೂದುಂಟು."

ಬಸ್ಸಿನಲ್ಲಿ ಕುಳಿತ ಮೇಲೂ ಪಾಠ ನಡೆಯುತ್ತಿತ್ತು. ದಾಳವನ್ನು ಬಹಳ ಸಲ ಉರುಳಿಸಿದರೆ ಸರಾಸರಿ ಮೂರೂವರೆಯ ಹತ್ತಿರ ಬರುತ್ತದೆ. ಅದು ದಾಳದ ನಿರೀಕ್ಷಿತ ಮೌಲ್ಯ. ಆದರೆ ಮೂರೂವರೆ ಎಂಬ ಮುಖ ಯಾವ ದಾಳದಲ್ಲೂ ಇಲ್ಲ. "ಮಕ್ಕಳಿಗೆ ಇದೊಂದು ತಲೆಗೇ ಹೋಗೂದಿಲ್ಲ," ಎನ್ನುತ್ತಿದ್ದಳು. ನನಗೂ ಆಗ ಹೋಗಿರಲಿಲ್ಲ.

ಅವಳ ಅಪ್ಪಯ್ಯ ಮೊದಲು ಒಪ್ಪಲಿಲ್ಲ. ಅವರು ತೋಟದವರು, ನಾವು ನಂದೊಳ್ಳಿಯ ಗದ್ದೆಯವರು. ತೋಟದ ಮನೆಯವರು ಗದ್ದೆಯ ಮನೆಗೆ ಹೆಣ್ಣು ಕೊಡುವ ರೂಢಿ ಇಲ್ಲ. ಅವರು ನನ್ನನ್ನು ಬೈಯಲಿಲ್ಲ. "ಅವ ಒಳ್ಳೆವನೇಯ. ಆದ್ರೆ ಆಗ್ತಿಲ್ಲೆ," ಎಂದಷ್ಟೇ ಅಂದರಂತೆ. ಇದು ಅವಳು ಹೇಳಿದ್ದು. ಆ ಮನೆಯೊಳಗಿನ ಮಾತುಗಳಿಗೆಲ್ಲ ಅವಳೊಬ್ಬಳೇ ಮೂಲ. ತಾಯಿ ಇಲ್ಲದ ಅವಳನ್ನು ಅಪ್ಪಯ್ಯನೇ ಜಡೆ ಹೆಣೆದು ಬೆಳೆಸಿದ್ದರು. ಅವರ ಮಾತು ಮೀರಿ ಬರುವುದಿಲ್ಲ ಎಂದು ಮೊದಲೇ ಹೇಳಿದ್ದಳು.

ಆ ವರ್ಷದ ದೀಪಾವಳಿ ಕಳೆದ ಮೇಲೆ ಅವರೇ ಒಂದು ದಾರಿ ತೆಗೆದರು.

"ಪ್ರಸಾದ ಕೇಳನ. ಒಂದೇ ಸಲ. ಬಲಕ್ಕೆ ಬಿದ್ರೆ ಆನೇ ಹುಡ್ಗನ ಮನೆಗೆ ಹೋಗಿ ಮಾತಾಡ್ತೆ. ಎಡಕ್ಕೆ ಬಿದ್ರೆ ನೀ ಮತ್ತೆ ಈ ಮಾತು ತೆಗಿಯಡ."

ಅವರ ಮನೆಮಾತಿನಲ್ಲಿ ಆನು ಎಂದರೆ ನಾನು. "ಆತು ಅಪ್ಪಯ್ಯ," ಎಂದಳಂತೆ ಅವಳು, ಯೋಚಿಸದೆ.

ಮರುದಿನ ಶಿರಸಿ ನಿಲ್ದಾಣದ ಕ್ಯಾಂಟೀನಿನಲ್ಲಿ ನನಗೂ ಸೇರಿಸಿ ಬನ್ಸ್ ತರಿಸಿದಳು. "ಸೊನ್ನೆಯಿಂದ ಅರ್ಧಕ್ಕೆ ಬಂತು ಪೇಪರಿನವ್ರೆ. ಇಷ್ಟು ದಿನ ಸೊನ್ನೆ ಇತ್ತು!" ಎಂದಳು. ಅರ್ಧ ಹೇಗೆ ಎಂದು ನಾನು ಕೇಳಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ.

ಹೂವು ಎಡಕ್ಕೆ ಬಿದ್ದ ಮೇಲೆ ಅವಳು ಇನ್ನೂ ಕೆಲವು ಸೋಮವಾರ ಆ ದೇವಸ್ಥಾನಕ್ಕೆ ಹೋಗಿ, ಬೇರೆಯವರ ಪ್ರಸಾದ ನೋಡುತ್ತ ಕುಳಿತಳು. ಆಮೇಲೆ ಒಂದು ಸಂಜೆ ಅದೇ ಕ್ಯಾಂಟೀನಿನಲ್ಲಿ ಸಿಕ್ಕಳು. ಈ ಸಲ ಬರೀ ಚಹಾ.

"ಆನೆ ಬಂತು," ಎಂದಳು.

"ಏನು?"

"ದೇವರ ಎಡಗಡೆ ನಂದಾದೀಪ ಉಂಟು. ಬಲಗಡೆ ಇಟ್ರೆ ಬಾಗಿಲ ಗಾಳಿಗೆ ಆರ್ತದೆ ಅಂತ ಭಟ್ರ ಅಜ್ಜನ ಕಾಲದಿಂದ ಅಲ್ಲೇ ಇಡೂದಂತೆ. ದೀಪದ ಕಾವಿಗೆ ಎಡಭುಜ ಬೇಗ ಒಣಗ್ತದೆ. ಒಣಗಿದ್ರೆ ಎಸಳು ನಿಲ್ಲೂದಿಲ್ಲ. ನಾ ಕೂತು ನೋಡಿದ್ರಲ್ಲಿ ಹೆಚ್ಚಿನವು ಎಡಕ್ಕೇ. ಎರಡೇ ಫಲಿತಾಂಶ, ಹಂಗಾಗಿ ಅರ್ಧಕ್ಕರ್ಧ ಅಂದ್ಕಂಡೆ ನೋಡಿ. ನಿಮ್ಮನ್ನ ಯಾವ ತಪ್ಪಿಗೆ ಬೈದಿದ್ನೋ ಅದೇ."

ಅಪ್ಪಯ್ಯನಿಗೂ ಹೇಳಿದ್ದಳು. ದೀಪವನ್ನು ಅಲ್ಲಿ ಇಡಿಸಿದವನೂ ದೇವರೇ ಅಲ್ಲವೇ ಎಂದು ಅವರು ಕೇಳಿದರಂತೆ. ಹೆಚ್ಚಾಗಿ ಎಡಕ್ಕೇ ಬೀಳುತ್ತದೆಂದು ನಿನಗೆ ಮೊದಲೇ ಗೊತ್ತಿತ್ತಾ ಎಂದು ಅವಳು ಕೇಳಿದಳು.

"ಆ ದೇವರು ಗಡಸು ಹೇಳಿ ಊರಿಗೇ ಗೊತ್ತಿದ್ದು," ಎಂದರು ಅವರು. "ನೀ ಕೇಳಿದ್ದಿಲ್ಲೆ."

ದೀಪ ಹೊರಗಿಟ್ಟು ಇನ್ನೊಂದು ಸಲ ಕೇಳಿಸಬಹುದಲ್ಲ ಎಂದೆ ನಾನು.

"ಆಗೂದಿಲ್ಲ. ಹೂವು ಬೀಳೂ ಮೊದ್ಲು ಆತು ಅಂದವಳು ನಾನು. ಬಿದ್ದದ್ದು ನೋಡಿದ ಮೇಲೆ ನಿಯಮ ಬದಲಿಸಿದ್ರೆ ನಾಳೆ ಎಂತ ಮುಖ ಇಟ್ಕಂಡು ಕ್ಲಾಸಿಗೆ ಹೋಗೂದು?"

"ಬಲಕ್ಕೆ ಬಿದ್ದಿದ್ದರೆ ದೀಪ ನೋಡ್ತಿದ್ರಾ ಅಕ್ಕೋರೆ?"

ಚಹಾ ಮುಗಿಸಿ ಲೋಟ ಕೆಳಗಿಟ್ಟಳು. ಆಮೇಲೆ, "ನೋಡ್ತಿರ್ಲಿಲ್ಲ," ಎಂದಳು. ಸೋಂದಾ ಬಸ್ ಬಂತು. ಹತ್ತಿದಳು.

ನಂದೊಳ್ಳಿಯಲ್ಲಿ ಅಮ್ಮನಿಗೆ ಹೇಳಿದಾಗ ಅವಳು ಅಕ್ಕಿ ಕೇರುತ್ತಿದ್ದಳು. ಮೊರ ಕೆಳಗಿಡಲಿಲ್ಲ. "ಭತ್ತ ಬಿತ್ತೂಕೇ ನಾವು ಯಾರನ್ನೂ ಕೇಳೂದಿಲ್ಲ. ಇವ್ರು ಮನುಷ್ಯರನ್ನ ಹೂವಿನ ಎಸಳಿಗೆ ತೂಗ್ತ್ರು," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಹುಡ್ಗಿ ಮಾತಿಗೆ ನಿಂತವ್ಳು ಮಾತ್ರ ಹೌದು," ಎಂದೂ ಸೇರಿಸಿದಳು.

ಮರುವರ್ಷ ಅವಳು ಸಿದ್ದಾಪುರ ಬಿಟ್ಟು ಯಲ್ಲಾಪುರದ ಕಾಲೇಜಿಗೆ ಕಲಿಸಲು ಹೋದಳು. ಅಲ್ಲೇ ಬಾಡಿಗೆ ಮನೆ ಮಾಡಿದಳು. ಮದುವೆಯಾಗಲಿಲ್ಲ. ನಾನೂ ಆಗಲಿಲ್ಲ. ಯಲ್ಲಾಪುರ ದೂರವೇನಲ್ಲ, ವರದಿಗೆ ತಿಂಗಳಿಗೊಮ್ಮೆಯಾದರೂ ಹೋಗುತ್ತೇನೆ. ಕಾಲೇಜಿನ ಮುಂದೆ ಬೈಕ್ ನಿಧಾನವಾಗುತ್ತದೆ. ನಿಲ್ಲುವುದಿಲ್ಲ. ಯಲ್ಲಾಪುರದ ಬಸ್ಸುಗಳು ನಮ್ಮ ಕಚೇರಿಯ ಕಿಟಕಿಯ ಕೆಳಗೇ ತಿರುಗುತ್ತವೆ. ಬೋರ್ಡು ಓದದೆ ಅವುಗಳ ಹಾರ್ನ್ ಕೇಳಿಯೇ ಹೇಳಬಲ್ಲೆ.

ನಮ್ಮ ಪತ್ರಿಕೆಯಲ್ಲಿ ಶೇಕಡಾವಾರು ಲೆಕ್ಕ ತಪ್ಪಿದರೆ ಈಗಲೂ ಅವಳ ಫೋನ್ ಬರುತ್ತದೆ. ತಪ್ಪು ಹೇಳುತ್ತಾಳೆ, ಆರೋಗ್ಯ ಕೇಳುತ್ತಾಳೆ, ಇಡುತ್ತಾಳೆ. ಬೇಕೆಂದೇ ಒಂದು ಅಂಕಿ ತಪ್ಪಾಗಿ ಹಾಕೋಣ ಎನಿಸಿದ ದಿನಗಳಿವೆ. ಹಾಕಲಿಲ್ಲ. ಮೂರೂವರೆ ಎಂಬ ಮುಖ ದಾಳದಲ್ಲಿಲ್ಲ ಎಂಬ ಮಾತು ಆ ವರ್ಷಗಳಲ್ಲಿ ತಲೆಗೆ ಹೋಯಿತು. ಪ್ರತಿ ಮಳೆಗಾಲ ಅರಬೈಲ್ ಘಟ್ಟದ ಸುದ್ದಿ ಬರೆಯುವಾಗ ಸಾಧ್ಯತೆ ಎಂಬ ಪದ ಬಂದಲ್ಲಿ ಕೈ ನಿಲ್ಲುತ್ತದೆ. ಅವಳು ಓದುತ್ತಾಳೆ ಎಂದು ಗೊತ್ತು.

ಈ ವರ್ಷ ಆ ದೇವಸ್ಥಾನದ ಗರ್ಭಗುಡಿಗೆ ಹೊಸ ಕಲ್ಲು ಹಾಸಿದರು. ಗೋಡೆ ಮಸಿಯಾಗುತ್ತದೆಂದು ನಂದಾದೀಪವನ್ನು ಹೊರಗಿನ ಜಗಲಿಗೆ ತಂದಿಟ್ಟರು. ಇದನ್ನು ಅಲ್ಲಿನ ಅರ್ಚಕರಿಂದ ಖಚಿತಪಡಿಸಿಕೊಂಡಿದ್ದೇನೆ. ಕಳೆದ ಸೋಮವಾರ ಅವಳ ಅಪ್ಪಯ್ಯ ಕೋಲೂರಿಕೊಂಡು ಒಬ್ಬರೇ ಅಲ್ಲಿಗೆ ಹೋಗಿದ್ದರು.

ಗುರುವಾರ ಅವಳ ಫೋನ್ ಬಂತು. ಯಾವ ಅಂಕಿ ತಪ್ಪಾಯಿತು ಎಂದು ಕೇಳಿದೆ.

"ಅಂಕಿ ಸರಿ ಇದೆ. ಅಪ್ಪಯ್ಯ ಮತ್ತೆ ಪ್ರಸಾದ ಕೇಳಿದ."

"ಯಾವುದಕ್ಕೆ?"

"ಅದಕ್ಕೇಯ. ನಮ್ಮದೇ. ನಂಗೆ ಹೇಳ್ದೆ ಹೋಗಿದ್ದ. ದೀಪ ಹೊರಗಿದ್ದಲ, ಈ ಸಲ ಬಲಕ್ಕೇ ಬೀಳ್ತು ಅಂದ್ಕಂಡಿದ್ದೆ ಹೇಳ್ತ. ಬೀಳ್ಲಿಲ್ಲ."

"ಮತ್ತೆ ಎಡವಾ?"

"ಮತ್ತೆ ಎಡ. ಸಮ ಅಂದ್ರೆ ಎಡಕ್ಕೂ ಸಮ ಅಲ್ವ ಮಾರಾಯ್ರೆ. ಹೋದ ಸಲದ್ದು ಈ ಸಲದ ಹೂವಿಗೆ ಎಂತ ಗೊತ್ತು?" ನಕ್ಕಳು. ಆ ನಗು ಕೇಳದೆ ಬಹಳ ಕಾಲವಾಗಿತ್ತು. "ನಂಗೆ ಹೇಳುವಾಗ ಅತ್ತುಬಿಟ್ಟ. ಆಗ ನಾ ಹೇಳ್ದೆ, ಒಂದೇ ಸಲ ಅನ್ನೂದು ಕರಾರು ಅಪ್ಪಯ್ಯ, ಮುರಿದವ ನೀನು ಅಂತ."

"ಅವರು ಏನಂದರು?"

"'ಹೌದನೇ ಕೂಸೇ, ಮುರ್ದವ ಆನೇಯ' ಅಂದ. ನಾ ಮಾತು ಕೊಟ್ಟದ್ದು ಒಂದು ಸಲದ್ದಕ್ಕೆ. ಕರಾರು ಮುರ್ದ ಮೇಲೆ ಆ ಮಾತು ನನ್ನ ಕಟ್ಟೂದಿಲ್ಲ. ಶನಿವಾರ ಮಧ್ಯಾಹ್ನ ಕ್ಲಾಸ್ ಮುಗಿಸಿ ಬಸ್ಸಿಗೆ ಬರ್ತೆ. ಸ್ಟ್ಯಾಂಡಲ್ಲಿ ಇರಿ."

ಇಂದು ಶನಿವಾರ. ಶಿರಸಿ ನಿಲ್ದಾಣದ ಕ್ಯಾಂಟೀನಿನ ಹೊರಗಿನ ಬೆಂಚಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಯಲ್ಲಾಪುರದ ಬಸ್ ಇನ್ನೂ ಬಂದಿಲ್ಲ.